ಮುಚ್ಚಳ ಹಾಕಿದವನೇ ಮೊದಲು ಏರಬೇಕು

ವಿಮಾನ ರಿಪೇರಿ ಕಲಿಯಲು ಹೊರಟ ನಮ್ಮವರ ಮಕ್ಕಳು ಆಗಾಗ ಲಂಡನ್ನಿನ ಗ್ರೀನ್‌ಫರ್ಡಿನ ನನ್ನ ಮನೆಗೆ ಸಲಹೆ ಕೇಳಲು ಬರುತ್ತಾರೆ. ನಾನು ಕನ್ನಡದಲ್ಲಿ ಮಾತಾಡುತ್ತೇನೆ, ಅವರು ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ, ಜೊತೆಗೆ ಬಂದ ಅಪ್ಪ ಅಮ್ಮ ನಡುವೆ ಕೂತು ಚಹಾ ಕುಡಿಯುತ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ: ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಯಾವುದು? ಎಂಜಿನ್ ಎಂದು ನಾನು ಹೇಳುತ್ತೇನೆಂದು ಅವರ ನಿರೀಕ್ಷೆ. ಎಂಜಿನ್ ಪಾಪದ್ದು. ಶುದ್ಧ ಎಣ್ಣೆ, ಒಣ ಗಾಳಿ, ವಾರಕ್ಕೊಮ್ಮೆ ಕೈತುಂಬ ಕೆಲಸ, ಇಷ್ಟು ಕೊಟ್ಟರೆ ತನ್ನ ಪಾಡಿಗೆ ತಾನಿರುತ್ತದೆ. ಕಷ್ಟದ್ದು ಮಾಲೀಕ. ಈ ಉತ್ತರ ಕೇಳಿ ಮಕ್ಕಳು ನಗುತ್ತಾರೆ. ನಗಲಿ. ಆ ನಗು ಎಷ್ಟು ದಿನ ಉಳಿಯುತ್ತದೆಂದು ನನಗೆ ಗೊತ್ತು. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ಅಪ್ಪ ಅಮ್ಮ ಓದಿ ಹೇಳಲಿ, ಅವರೂ ಸ್ವಲ್ಪ ಕೆಲಸ ಮಾಡಲಿ.

ನಾನು ಬೆಳಗಾವಿಯವನು. ವಾಯುಪಡೆಯಲ್ಲಿ ಎಂಜಿನ್ ಕೆಲಸ ಕಲಿತೆ. ಈ ದೇಶಕ್ಕೆ ಬಂದ ಮೇಲೆ ಗೊತ್ತಿದ್ದದ್ದನ್ನೆಲ್ಲ ಮತ್ತೆ ಪರೀಕ್ಷೆಯಲ್ಲಿ ಬರೆದು ತೋರಿಸಿ ಲೈಸೆನ್ಸ್ ಪಡೆದೆ. ತೊಂಬತ್ತರ ದಶಕದ ಮೊದಲಿನಿಂದ ನಿವೃತ್ತನಾಗುವ ತನಕ ಅಕ್ಸ್‌ಬ್ರಿಡ್ಜ್ ಆಚೆ, ಲಂಡನ್ನಿನ ಪಶ್ಚಿಮದ ಅಂಚಿನ ಒಂದು ಚಿಕ್ಕ ಏರೋಡ್ರೋಮಿನಲ್ಲಿ ಖಾಸಗಿಯವರ ಸಣ್ಣ ವಿಮಾನಗಳನ್ನು ರಿಪೇರಿ ಮಾಡಿದೆ. ಏರೋಡ್ರೋಮ್ ಎಂದರೆ ದೊಡ್ಡದೇನೂ ಅಲ್ಲ. ಒಂದು ಉದ್ದನೆಯ ಹುಲ್ಲಿನ ಪಟ್ಟಿ, ಒಂದು ತಗಡಿನ ಹ್ಯಾಂಗರ್, ಒಂದು ಕೆಟಲ್. ದೊಡ್ಡ ವಿಮಾನ ನಿಲ್ದಾಣದ ಜೆಟ್‌ಗಳು ನಮ್ಮ ತಲೆಯ ಮೇಲೇ ಹಾದುಹೋಗುತ್ತಿದ್ದ ಕಾರಣ ನಮ್ಮ ವಿಮಾನಗಳು ಒಂದು ಎತ್ತರ ದಾಟಿ ಮೇಲೆ ಹೋಗಕೂಡದೆಂಬ ಕಟ್ಟಪ್ಪಣೆ ಇತ್ತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ನನ್ನ ಬಡ್ತಿಗಳ ಬಗ್ಗೆ ಬರೆಯಲು ಹೆಚ್ಚಿಲ್ಲ. ಸಿಕ್ಕ ಬಡ್ತಿ ಒಂದೇ, ಬಾಗಿಲ ಬಳಿಯ ಬೆಂಚಿನಿಂದ ಹೀಟರ್ ಬಳಿಯ ಬೆಂಚಿಗೆ.

ಹ್ಯಾಂಗರಿನ ಒಡೆಯರು ಪೆಟಿಫರ್ ಸಾಹೇಬರು. ಬಿಳಿಯ ಕೋಟು, ಕಿವಿಯ ಹಿಂದೆ ಪೆನ್ಸಿಲ್, ಮುಖದಲ್ಲಿ ಯಾವ ಹವಾಮಾನವೂ ಕಾಣದು. ಅವರದು ಎರಡೇ ಕಾನೂನು. ಮೊದಲನೆಯದು, ಹ್ಯಾಂಗರಿನ ಒಂದು ಸ್ಕ್ರೂಡ್ರೈವರ್ ಕೂಡ ಬಾಗಿಲು ದಾಟಿ ಹೊರಗೆ ಹೋಗಕೂಡದು. ಗೋಡೆಯ ಹಲಗೆಯ ಮೇಲೆ ಪ್ರತಿ ಉಪಕರಣದ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆಸಿದ್ದರು. ಸಂಜೆ ಒಂದು ಆಕಾರ ಖಾಲಿ ಕಂಡರೆ ಯಾರೂ ಮನೆಗೆ ಹೋಗುವಂತಿಲ್ಲ, ಯಾವ ವಿಮಾನವೂ ಏಳುವಂತಿಲ್ಲ. ಎಂಜಿನ್ನಿನಲ್ಲಿ ಮರೆತದ್ದು ಆಕಾಶದಲ್ಲಿ ನೆನಪಾದರೆ ಪ್ರಯೋಜನವಿಲ್ಲ ಎಂಬುದು ಅವರ ವಾದ. ಎರಡನೆಯದು, ದೊಡ್ಡ ರಿಪೇರಿಯಾದ ಮೇಲೆ ಎಂಜಿನ್ನಿನ ಮುಚ್ಚಳ ಹಾಕಿದವನೇ ಮೊದಲ ಹಾರಾಟದಲ್ಲಿ ಪೈಲಟ್ ಪಕ್ಕ ಕೂರಬೇಕು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನಾನು ಒಂದು ಎಂಜಿನ್ ಜೋಡಿಸಿ ಕಾಗದಕ್ಕೆ ಸಹಿ ಹಾಕಿ ಕೈ ಒರೆಸಿಕೊಳ್ಳುತ್ತಿದ್ದೆ. ಸಾಹೇಬರು ಸಹಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಸಹಿ ಅಂದವಾಗಿದೆ. ಇನ್ನು ಅದರ ಜೊತೆ ನೀನೂ ಹೋಗು," ಎಂದರು.

ಅಂದಿನಿಂದ ನಾನು ಒಂದು ಬೋಲ್ಟನ್ನೂ ಎರಡು ಸಲ ಬಿಗಿಯದೆ ಬಿಟ್ಟಿಲ್ಲ. ನಿಮ್ಮ ಕಾಲೇಜಿನಲ್ಲಿ ಸುರಕ್ಷತೆಯ ಬಗ್ಗೆ ದಪ್ಪ ಪುಸ್ತಕ ಕೊಡುತ್ತಾರಂತೆ. ಓದಿ. ಆದರೆ ಪೈಲಟ್ ಪಕ್ಕದ ಆ ಬಲಗಡೆಯ ಸೀಟಿನಲ್ಲಿ ಒಮ್ಮೆ ಕೂತು ಬನ್ನಿ, ಪುಸ್ತಕ ತಾನಾಗಿ ಅರ್ಥವಾಗುತ್ತದೆ.

ಮಾಲೀಕರ ಮುಖ್ಯ ಕಾಯಿಲೆ ಹೇಳಿಬಿಡುತ್ತೇನೆ: ಅವರು ಹಾರುವುದಿಲ್ಲ. ಆಸೆಪಟ್ಟು ವಿಮಾನ ಕೊಳ್ಳುತ್ತಾರೆ. ಆಮೇಲೆ ಭಾನುವಾರ ಬಂದು ಅದನ್ನು ತೊಳೆಯುತ್ತಾರೆ, ಒರೆಸುತ್ತಾರೆ, ಪಾಲಿಶ್ ಹಚ್ಚುತ್ತಾರೆ, ಪಕ್ಕದಲ್ಲಿ ಕುರ್ಚಿ ಹಾಕಿ ಕೂತು ಚಹಾ ಕುಡಿದು ಮನೆಗೆ ಹೋಗುತ್ತಾರೆ. ಮೋಡವಿದೆ, ಗಾಳಿಯಿದೆ, ಅತ್ತೆ ಬಂದಿದ್ದಾರೆ. ನಿಂತ ಎಂಜಿನ್ನಿನೊಳಗೆ ಈ ದೇಶದ ತೇವ ಸೇರಿ ತುಕ್ಕು ಹಿಡಿಯುತ್ತದೆ. ಓಡಿ ಸವೆದು ಸತ್ತ ಎಂಜಿನ್ ನಾನು ಕಂಡದ್ದು ಕಡಿಮೆ, ಕೂತು ಸತ್ತದ್ದು ಬಹಳ.

ಒಂದು ವಸಂತದಲ್ಲಿ ಒಬ್ಬ ವಕೀಲ ಮಹಾಶಯರು ಎರಡು ತಿಂಗಳ ಮೇಲೆ ಬಂದು, ಆ ವಾರದ ಫ್ಲೈ-ಇನ್‌ಗೆ ಹೋಗಬೇಕು, ಎಣ್ಣೆ ಬದಲಿಸಿ ಎಂದರು. ನಾನು ಮುಚ್ಚಳ ತೆಗೆದರೆ ಎಂಜಿನ್ನಿನ ಮೇಲೆ ರಾಬಿನ್ ಹಕ್ಕಿಯ ಗೂಡು, ಅದರಲ್ಲಿ ಮೊಟ್ಟೆ. ಪೆಟಿಫರ್ ಸಾಹೇಬರು ಬಂದು ನೋಡಿ, ಮುಚ್ಚಳವನ್ನು ಮೆಲ್ಲಗೆ ಮತ್ತೆ ಇಟ್ಟು, ಪ್ರೊಪೆಲ್ಲರಿಗೆ ಕೆಂಪು ಚೀಟಿ ಕಟ್ಟಿದರು: ಸಿಬ್ಬಂದಿ ತರಬೇತಿಯಲ್ಲಿದ್ದಾರೆ, ಮುಟ್ಟಬೇಡಿ.

"ಗೂಡನ್ನು ಬೇರೆ ಕಡೆ ಇಡಬಹುದಲ್ಲ? ವಿಮಾನ ನನ್ನದು," ಎಂದರು ವಕೀಲರು.

"ಇರಬಹುದು. ಆದರೆ ಅವು ದಿನಾ ಬರುತ್ತವೆ," ಎಂದರು ಸಾಹೇಬರು.

ಮರಿಗಳು ಹಾರಿಹೋಗುವ ತನಕ ಆ ವಿಮಾನ ಹಾರಲಿಲ್ಲ. ಆಮೇಲೂ ಅಷ್ಟಾಗಿ ಹಾರಲಿಲ್ಲ.

ಫ್ಲೈ-ಇನ್ ಎಂದರೇನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಒಳ್ಳೆಯ ಹವೆಯ ಶನಿವಾರ ಯಾವುದೋ ಹಳ್ಳಿಯ ಹುಲ್ಲುಗಾವಲಿಗೆ ಸುತ್ತಮುತ್ತಲಿನ ಸಣ್ಣ ವಿಮಾನಗಳೆಲ್ಲ ಬಂದು ಇಳಿಯುತ್ತವೆ. ಮಾಲೀಕರು ಒಬ್ಬರ ವಿಮಾನವನ್ನೊಬ್ಬರು ಬಾಯ್ತುಂಬ ಹೊಗಳಿ, ಒಳಗೊಳಗೇ ತಮ್ಮದೇ ಮೇಲೆಂದು ತೀರ್ಮಾನಿಸಿ, ಬ್ರೆಡ್ಡಿನ ನಡುವೆ ಏನೋ ಇಟ್ಟುಕೊಂಡು ತಿಂದು, ಮಳೆಗೆ ಮುಂಚೆ ಮರಳುತ್ತಾರೆ. ಈ ಪವಿತ್ರ ಕಾರ್ಯಕ್ಕಾಗಿ ಜನ ಮನೆ ಒತ್ತೆ ಇಡುವುದನ್ನೂ ನಾನು ಕಂಡಿದ್ದೇನೆ.

ಇನ್ನು ಡಾಕ್ಟರ್ ಪಾಟೀಲರು. ವಿಜಾಪುರದವರು, ಹ್ಯಾರೋದಲ್ಲಿ ಜಿಪಿ, ಅಂದರೆ ಬಡಾವಣೆಯ ಕುಟುಂಬ ವೈದ್ಯರು. ನಾಲ್ಕು ಸೀಟಿನ, ರೆಕ್ಕೆ ಮೇಲಿರುವ, ವಯಸ್ಸಾದ ಒಂದು ವಿಮಾನ ಕೊಂಡಿದ್ದರು. ನಾನೂ ಆ ಕಡೆಯವನೆಂದು ತಿಳಿದ ದಿನವೇ ಅದು ನನ್ನ ಪಾಲಿಗೆ ಬಂತು. ಕೊಂಡ ಹೊಸದರಲ್ಲಿ ಹೆಂಡತಿ ಕಸ್ತೂರಕ್ಕನನ್ನು ಕೂರಿಸಿಕೊಂಡು ಮೊದಲ ಫ್ಲೈ-ಇನ್‌ಗೆ ಹೊರಟಿದ್ದರು. ಮೋಡ ಕವಿದ ದಿನ. ಇಂಥ ಹವೆಯಲ್ಲಿ ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನೊಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಆಗ ಬಿಸಿಗಾಳಿಯ ಹಿಡಿಕೆ ಎಳೆಯಬೇಕು. ಎಳೆದಾಗ ಕರಗಿದ ನೀರು ಕುಡಿದು ಎಂಜಿನ್ ಇನ್ನಷ್ಟು ಕೆಮ್ಮುತ್ತದೆ, ಆದರೂ ಹಿಡಿಕೆ ಬಿಡಬಾರದು. ಡಾಕ್ಟರು ಎಳೆದರು, ಕೆಮ್ಮು ಹೆಚ್ಚಿತು, ಹೆದರಿ ಒಳಕ್ಕೆ ತಳ್ಳಿದರು. ಮತ್ತೆ ಎಳೆದರು, ಮತ್ತೆ ತಳ್ಳಿದರು. ಹೇಗೋ ಮರಳಿ ಬಂದು ಇಳಿದರು. ಕಸ್ತೂರಕ್ಕ ಕೆಳಗಿಳಿದು ಸೆರಗು ಸರಿಪಡಿಸಿಕೊಂಡು ಒಂದೇ ಮಾತು ಹೇಳಿದರಂತೆ: "ನಾ ಇನ್ನ ರೋಡಿನ ಮ್ಯಾಲ."

ಹತ್ತು ವರ್ಷ ಆ ಮಾತಿಗೆ ತಪ್ಪಲಿಲ್ಲ. ಅವರು ಕೌನ್ಸಿಲ್ ಆಫೀಸಿನಲ್ಲಿ ಮನೆ ಹಂಚುವ ವಿಭಾಗದಲ್ಲಿದ್ದವರು, ಇಲ್ಲ ಎನ್ನುವುದು ಅವರ ಉದ್ಯೋಗ. ಪ್ರತಿ ಬೇಸಿಗೆ ಡಾಕ್ಟರು ವಿಮಾನದಲ್ಲಿ ಹೊರಟರೆ ಕಸ್ತೂರಕ್ಕ ರೊಟ್ಟಿ, ಶೇಂಗಾ ಚಟ್ನಿ, ಮಡಚುವ ಕುರ್ಚಿ ಕಾರಿನಲ್ಲಿ ಹಾಕಿಕೊಂಡು ಅದೇ ಊರಿಗೆ ರಸ್ತೆಯಲ್ಲಿ ಹೊರಡುವರು. ಮೋಡ ಸರಿಯಲೆಂದು ಡಾಕ್ಟರು ಕಾಯುತ್ತ ಕೂರುತ್ತಿದ್ದರಿಂದ ಸಾಮಾನ್ಯವಾಗಿ ಕಾರೇ ಮುಂಚೆ ತಲುಪುತ್ತಿತ್ತು. ಮಿಕ್ಕ ಮಾಲೀಕರ ಹೆಂಡಂದಿರು ವಿಮಾನದಿಂದ ಇಳಿಯುವುದನ್ನು ಡಾಕ್ಟರು ನೋಡುವ ನೋಟವನ್ನು ನಾನು ಒಂದೆರಡು ಸಲ ನೋಡಿದ್ದೇನೆ. ಆ ಮನುಷ್ಯನಿಗೆ ಬೇಕಾದದ್ದು ಅದೊಂದೇ ಆಗಿತ್ತು.

ಆಸೆ ಅಷ್ಟಿದ್ದರೂ ಹಾರುತ್ತಿದ್ದದ್ದು ವರ್ಷಕ್ಕೆ ಕೆಲವೇ ಸಲ. ಒಬ್ಬರೇ ಹೋಗಲು ಬೇಜಾರು. ಹಾಗಾಗಿ ಭಾನುವಾರದ ಪಾಲಿಶ್ ಮಾತ್ರ ತಪ್ಪದು. ಅವರು ಪಾಲಿಶ್ ಹಚ್ಚಿ ತಿಕ್ಕುವ ರಭಸಕ್ಕೆ ಬಣ್ಣವೇ ತೆಳ್ಳಗಾಗಿತ್ತು. ಅದು ಸಾಲದೆ ಇನ್ನೊಂದು ಪುಣ್ಯಕಾರ್ಯ ಮಾಡುತ್ತಿದ್ದರು. ಹಾರದಿದ್ದರೇನು ಎಂದು ನೆಲದ ಮೇಲೇ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವುದು.

"ಸಾಹೇಬ್ರ, ಹಂಗ ಮಾಡಬ್ಯಾಡ್ರಿ," ಎಂದು ನಾನು ಹೇಳಿದ್ದು ಒಂದು ಸಲವಲ್ಲ. "ಎಣ್ಣಿ ಪೂರಾ ಬಿಸಿ ಆಗೂದಿಲ್ಲ. ಒಳಗಿನ ನೀರು ಆರೂದಿಲ್ಲ. ಓಡಸದ ಬಿಟ್ಟಿದ್ರ ಎಷ್ಟೋ ಚಲೋ ಇತ್ತು."

"ಅಲ್ಲೋ ಮಾದೇವಪ್ಪ, ಸ್ವಲ್ಪರ ಎಕ್ಸರ್‌ಸೈಜ್ ಆಗಲಿ ಅಂತ."

"ನಿಮ್ಮ ಪೇಶಂಟ್ ಹಾಸಿಗ್ಯಾಗ ಕುಂತು ಬೂಟು ಹಾಕ್ಕೊಂಡು ತಗದ್ರ ಎಕ್ಸರ್‌ಸೈಜ್ ಅಂತೀರೇನ್ರಿ?"

"ಕೆಲವೊಬ್ಬರಿಗೆ ಅನಬೇಕಾಕ್ಕೈತಿ," ಎಂದರು ಡಾಕ್ಟರು ಗಂಭೀರವಾಗಿ.

ಇಂಥವರ ಜೊತೆ ಏನು ಮಾತಾಡುವುದು.

ನಾನು ಸೇರಿದಾಗ ಎಂಜಿನ್ ಪರೀಕ್ಷೆ ಎಂದರೆ ಕಿವಿ, ಮೂಗು, ಬೆರಳು. ಪೆಟಿಫರ್ ಸಾಹೇಬರು ಉದ್ದನೆಯ ಮರದ ಕೋಲಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಹಚ್ಚಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು, ದೇವರ ಮಾತು ಕೇಳುವವರ ಹಾಗೆ. ಆಮೇಲೆ ಕೊಳವೆಯ ತುದಿಗೆ ಕಣ್ಣಿರುವ ಕ್ಯಾಮೆರಾ ಬಂತು. ಸಿಲಿಂಡರಿನೊಳಗೆ ತೂರಿಸಿದರೆ ಎಲ್ಲ ಪರದೆಯ ಮೇಲೆ. ಕೊನೆಕೊನೆಗೆ ಯುರೋಪಿನ ನಿಯಮಗಳು ಬಂದವು. ಬೆಳಿಗ್ಗೆ ಎಂಜಿನ್ ಕೆಲಸ, ಮಧ್ಯಾಹ್ನವೆಲ್ಲ ಆ ಕೆಲಸ ಮಾಡಿದ್ದೇನೆಂದು ಬರೆಯುವ ಕೆಲಸ. ಮೂರನ್ನೂ ಕಂಡವನಾಗಿ ಹೇಳುತ್ತೇನೆ, ಕ್ಯಾಮೆರಾ ಒಳ್ಳೆಯದು. ಕೋಲಿಗೆ ತುಕ್ಕು ಕೇಳಿಸುವುದಿಲ್ಲ. ಇದನ್ನು ಸಾಹೇಬರ ಮುಂದೆ ನಾನು ಹೇಳಲಿಲ್ಲ, ನೀವೂ ನಿಮ್ಮ ಸಾಹೇಬರ ಮುಂದೆ ಹೇಳಬೇಡಿ.

ಕ್ಯಾಮೆರಾ ಹೊಸದಾಗಿ ಬಂದ ವರ್ಷ ಡಾಕ್ಟರ ಎಂಜಿನ್ನಿನ ಮೂರನೆಯ ಸಿಲಿಂಡರಿನಲ್ಲಿ ಒತ್ತಡ ಕುಸಿಯುತ್ತಿತ್ತು. ಎಣ್ಣೆಯ ಫಿಲ್ಟರನ್ನು ಕತ್ತರಿಸಿ ಅದರ ಕಾಗದದ ಮಡಿಕೆಗಳನ್ನು ದೀಪದ ಕೆಳಗೆ ಬಿಡಿಸಿ ನೋಡಿದೆ. ಇದು ನಮ್ಮ ಕೆಲಸದ ಮೂಲ ಸಂಸ್ಕಾರ. ಎಂಜಿನ್ ಒಳಗೊಳಗೇ ಸವೆಯುತ್ತಿದ್ದರೆ ಲೋಹದ ಪುಡಿ ಆ ಮಡಿಕೆಗಳಲ್ಲಿ ಮಿನುಗುತ್ತದೆ. ಮಿನುಗಿತು. ಕ್ಯಾಮೆರಾ ತೂರಿಸಿದೆ. ಸಿಲಿಂಡರಿನ ಗೋಡೆಯ ತುಂಬ ತುಕ್ಕಿನ ಕುಳಿಗಳು. ಡಾಕ್ಟರು ಪರದೆಗೆ ಮೂಗು ತಾಗಿಸಿ ನಿಂತರು.

"ಇದು ಅಲ್ಸರ್," ಎಂದರು.

"ಪಾಲಿಶ್ ಹಚ್ಚಿದ್ದು ಹೊರಗ, ಹಿಡದದ್ದು ಒಳಗ," ಎಂದೆ.

ಸಿಲಿಂಡರ್ ಬದಲಿಸಲೇಬೇಕಿತ್ತು, ಖರ್ಚು ಸಣ್ಣದಲ್ಲ. ವಿಷಯ ಮನೆಗೆ ಹೋಯಿತು. ಮರುದಿನ ಕಸ್ತೂರಕ್ಕ ತಾವೇ ಹ್ಯಾಂಗರಿಗೆ ಬಂದರು. ಹತ್ತು ವರ್ಷದಲ್ಲಿ ಅವರು ಆ ಬಾಗಿಲು ದಾಟಿದ್ದು ಅದೇ ಮೊದಲು. ಬಿಚ್ಚಿಟ್ಟ ಎಂಜಿನ್ ನೋಡಿದರು, ಗಂಡನನ್ನು ನೋಡಿದರು.

"ನೀವು ಮ್ಯಾಲ, ನಾ ಕೆಳಗ. ಇದು ಸಂಸಾರ ಏನ್ರಿ? ನಾ ಒಮ್ಮೆ ಕುಂದ್ರತೀನಿ, ಈ ಸಲ. ಕುಂತಮ್ಯಾಲ ನನಗ ಸರಿ ಅನಿಸಿದ್ರ ಸರಿ. ಇಲ್ಲಂದ್ರ ಮಾರೂದು. ಆಮ್ಯಾಲ ಈ ಮಾತು ಮನ್ಯಾಗ ಬರಬಾರದು."

ಡಾಕ್ಟರು ಆ ಕ್ಷಣಕ್ಕೆ ಬೆಳಗಿದ್ದೂ ಹೌದು, ಬೆವತದ್ದೂ ಹೌದು.

"ಎರಡು ಕಂಡೀಷನ್," ಎಂದು ಕಸ್ತೂರಕ್ಕ ಮುಂದುವರಿಸಿದರು. "ರಿಪೇರಿ ಮಾಡಿದ ಅಣ್ಣಾರು ನಮ್ಮ ಜೋಡಿ ಬರಬೇಕು. ಮತ್ತ, ಖಂಡೆ ಪೂಜಾ ಮಾಡಿ ಏರಬೇಕು. ಕಾರಿಗೆ ಪ್ರತಿ ವರ್ಷ ಮಾಡ್ತೀನಿ, ಅದಕ್ಕೇನೂ ಆಗಿಲ್ಲ. ಇದಕ್ಕ ಮಾಡಿಲ್ಲ, ನೋಡ್ರಿ ಹೆಂಗ ಬಿದ್ದೈತಿ."

ಮೊದಲ ಷರತ್ತನ್ನು ಪೆಟಿಫರ್ ಸಾಹೇಬರಿಗೆ ತಿಳಿಸಿದಾಗ, ಈ ಹೆಂಗಸನ್ನು ನಾನು ಮೊದಲೇ ಕೆಲಸಕ್ಕೆ ತೆಗೆದುಕೊಳ್ಳಬೇಕಿತ್ತು ಎಂದರು. ಎರಡನೆಯದಕ್ಕೆ, ಅದು ನಮ್ಮ ಕಡೆಯ ಆಯುಧಪೂಜೆ ಎಂದು ವಿವರಿಸಿದ ಮೇಲೆ, ತುಸು ಯೋಚಿಸಿದರು. ಪೂಜೆ ಆಗಬಹುದು, ಹ್ಯಾಂಗರಿನ ಹೊರಗೆ. ಆದರೆ ಪೆಟ್ರೋಲ್ ಇರುವ ಕಡೆ ದೀಪ, ಕರ್ಪೂರ ಕೂಡದು. ತೆಂಗಿನಕಾಯಿ ಒಡೆಯುವುದೂ ಕೂಡದು, ಚಿಪ್ಪಿನ ಚೂರು ಎದ್ದು ಪ್ರೊಪೆಲ್ಲರಿಗೆ ಬಡಿಯುತ್ತದೆ.

"ದೀಪ ಇಲ್ಲ, ಕಾಯಿ ಒಡೆಯಂಗಿಲ್ಲ. ಪೂಜಾದಾಗ ಇನ್ನೇನು ಉಳೀತು?" ಎಂದು ಕಸ್ತೂರಕ್ಕ ನನ್ನನ್ನು ಕೇಳಿದರು.

"ಅರಿಷಿಣ ಕುಂಕುಮ ಉಳೀತಲ್ರಿ ಅಕ್ಕಾರ," ಎಂದೆ.

"ಹಂಗಾರ ಅದನ್ನ ಚಲೋತ್ನ್ಯಾಗ ಹಚ್ತೀನಿ," ಎಂದರು.

ನವರಾತ್ರಿಯ ಶನಿವಾರ. ಖಂಡೆ ಪೂಜೆ ನಿಜಕ್ಕೂ ಯಾವ ವಾರ ಬಂದಿತ್ತೋ. ಲಂಡನ್ನಿನಲ್ಲಿ ನಮ್ಮ ಹಬ್ಬಗಳೆಲ್ಲ ಶನಿವಾರವೇ ಬರುತ್ತವೆ. ಆ ವರ್ಷದ ಕೊನೆಯ ಫ್ಲೈ-ಇನ್ ಕೂಡ ಅಂದೇ ಇತ್ತು. ಹಿಂದಿನ ದಿನ ಹೊಸ ಸಿಲಿಂಡರಿನ ಮೊದಲ ಹಾರಾಟದಲ್ಲಿ ಡಾಕ್ಟರ ಪಕ್ಕ ಕೂತು ಬಂದಿದ್ದೆ, ಎಂಜಿನ್ ಹೊಲಿಗೆ ಮಷಿನ್ನಿನಂತೆ ಓಡಿತ್ತು. ಶನಿವಾರ ಬೆಳಿಗ್ಗೆ ಡಾಕ್ಟರು ಶಾಸ್ತ್ರೋಕ್ತವಾಗಿ ವಿಮಾನದ ಸುತ್ತ ನಡೆದು ರೆಕ್ಕೆ, ಗಾಲಿ, ಎಣ್ಣೆ, ಪೆಟ್ರೋಲ್ ಎಲ್ಲ ಪರೀಕ್ಷಿಸಿದರು. ಆಮೇಲೆ ಕಸ್ತೂರಕ್ಕ ಬಂದು ಪೂಜೆ ಮಾಡಿದರು. ಈ ಎರಡು ವಾಕ್ಯಗಳ ಅನುಕ್ರಮವನ್ನು ದಯವಿಟ್ಟು ಗಮನಿಸಿ. ಪರೀಕ್ಷೆ ಮೊದಲು, ಪೂಜೆ ಆಮೇಲೆ. ಪೂಜೆಯಾದ ಮೇಲೆ ಮತ್ತೆ ಸುತ್ತ ನಡೆದು ನೋಡಲು ಡಾಕ್ಟರಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ದೇವರು ನೋಡಿಹೋದ ಮೇಲೆ ಇನ್ಯಾರು ನೋಡುತ್ತಾರೆ.

ಪೂಜೆ ಅದ್ದೂರಿಯಾಗಿತ್ತು. ಪ್ರೊಪೆಲ್ಲರಿಗೆ ಹಾಕಿದ ಸೇವಂತಿಗೆ ಹಾರವನ್ನು ಫೋಟೊ ತೆಗೆದು ಬಿಚ್ಚಿದೆವು. ಮೂರು ಗಾಲಿಗಳ ಕೆಳಗೆ ಮೂರು ನಿಂಬೆಹಣ್ಣು. ಒಡೆಯದ ಕಾಯಿಯನ್ನು ಕಸ್ತೂರಕ್ಕ ನನ್ನ ಕೈಗೆ ಕೊಟ್ಟು, "ಅಲ್ಲಿ ಇಳದಮ್ಯಾಲ ಒಡಿಯೂಣು, ಹಿಡ್ಕೊಂಡು ಕುಂದರ್ರಿ," ಎಂದರು. ಎಡಗಡೆ ಡಾಕ್ಟರು, ಬಲಗಡೆ ಕಾಯಿ ಹಿಡಿದ ನಾನು, ಹಿಂದೆ ರೊಟ್ಟಿಯ ಗಂಟು ಹಿಡಿದ ಕಸ್ತೂರಕ್ಕ. ಪೆಟಿಫರ್ ಸಾಹೇಬರು ಹ್ಯಾಂಗರಿನ ಬಾಗಿಲಲ್ಲಿ ಕೋಟಿನ ಕಿಸೆಗೆ ಕೈ ಹಾಕಿ ನಿಂತಿದ್ದರು. ನಿಂಬೆಹಣ್ಣು ಅಪ್ಪಚ್ಚಿಯಾದವು, ವಿಮಾನ ಎದ್ದಿತು.

ಎಂಜಿನ್ನಿನ ಸ್ವರದಲ್ಲಿ ಒಂದು ಕುಂದಿಲ್ಲ. ನಾನು ಅದನ್ನೇ ಕೇಳುತ್ತ ಹಿಗ್ಗುತ್ತಿದ್ದೆ. ಡಾಕ್ಟರು ಮಾತ್ರ ಎತ್ತರ ತೋರಿಸುವ ಗಡಿಯಾರವನ್ನು ಬೆರಳ ಗೆಣ್ಣಿನಿಂದ ಕುಟ್ಟುತ್ತಿದ್ದರು.

"ಮಾದೇವಪ್ಪ, ಇದು ನಾವಿನ್ನೂ ನೆಲದ ಮ್ಯಾಲ ಅದೀವಿ ಅಂತೈತಲ್ಲೋ."

ಹೊರಗೆ ನೋಡಿದೆ. "ಮನಿಗೋಳು ಸಣ್ಣ ಆಗಾಕತ್ತಾವ್ರಿ," ಎಂದೆ.

"ಮ್ಯಾಲ ಹೊಂಟೀವಿ ಅಂತ ನನಗೂ ಗೊತ್ತೈತಿ. ಎಷ್ಟು ಮ್ಯಾಲ?"

ಪ್ರಶ್ನೆ ಅದೇ. ನಾನು ಮೊದಲು ಹೇಳಿದ ಎತ್ತರದ ಗಡಿ ದಾಟಿದರೆ ಮೇಲೆ ನೂರಾರು ಜನರನ್ನು ಹೊತ್ತ ಜೆಟ್‌ಗಳು. ಏರಿಳಿತದ ಮುಳ್ಳು ಸೊನ್ನೆ ಬಿಟ್ಟು ಕದಲಿರಲಿಲ್ಲ. ಅಷ್ಟರಲ್ಲಿ ವೇಗದ ಮುಳ್ಳೂ ಇಳಿಯತೊಡಗಿತು. ಎಂಜಿನ್ ಪೂರ್ಣ ದನಿಯಲ್ಲಿದೆ, ವೇಗ ಮಾತ್ರ ಬೀಳುತ್ತಿದೆ ಎನ್ನುತ್ತದೆ ಮುಳ್ಳು. ಡಾಕ್ಟರು ವಿಮಾನದ ಮೂಗು ತಗ್ಗಿಸಿದರು, ಎತ್ತಿದರು, ಮತ್ತೆ ತಗ್ಗಿಸಿದರು. ಹತ್ತು ವರ್ಷದ ಹಿಂದೆ ಆ ಹಿಡಿಕೆಯನ್ನು ಎಳೆದು ತಳ್ಳಿದವರು ಅವರೇ ಎಂದು ನನಗೆ ನೆನಪಾಯಿತು. ಹಿಂದೆ ಕೂತವರಿಗೂ ನೆನಪಾಗಿರಬೇಕು.

"ಎಂಜಿನ್ ಕೆಟ್ಟೈತೇನು?" ಎಂದರು ಕಸ್ತೂರಕ್ಕ.

"ಇಲ್ರಿ," ಎಂದೆವು ಇಬ್ಬರೂ.

ಎತ್ತರ, ವೇಗ, ಏರಿಳಿತ, ಮೂರೂ ಒಟ್ಟಿಗೆ ಸುಳ್ಳು ಹೇಳಿದರೆ ಮೂರಕ್ಕೂ ಸಾಮಾನ್ಯವಾದದ್ದು ಕೆಟ್ಟಿರಬೇಕು. ಆ ಮೂರು ಗಡಿಯಾರಗಳೂ ಹೊರಗಿನ ಗಾಳಿಯ ಒತ್ತಡದಿಂದ ನಡೆಯುತ್ತವೆ. ಆ ಗಾಳಿ ಬರುವುದು 'ಸ್ಟ್ಯಾಟಿಕ್' ಎಂಬ ಸೂಜಿ ತೂರುವಷ್ಟು ಸಣ್ಣ ತೂತಿನಿಂದ. ಈ ವಿಮಾನಕ್ಕೆ ಅಂಥದ್ದು ಎಡಬದಿಯಲ್ಲಿ ಒಂದೇ. ಅದರ ಸುತ್ತ ಕೆಂಪು ವೃತ್ತ ಬಳಿದು, ಕೆಳಗೆ ಮುಚ್ಚಬಾರದು ಎಂದು ಬರೆದಿರುತ್ತಾರೆ. ನಾನು ಹಿಂದಕ್ಕೆ ತಿರುಗಿದೆ. ಕಸ್ತೂರಕ್ಕನ ಬಲಗೈಯ ಉಂಗುರದ ಬೆರಳು ಇನ್ನೂ ಕೆಂಪಾಗಿತ್ತು.

"ಅಕ್ಕಾರ, ಕುಂಕುಮ ಎಲ್ಲೆಲ್ಲಿ ಹಚ್ಚೀರಿ?"

"ಪಂಖಾಕ್ಕ, ಗಾಲಿಗೆ, ರೆಕ್ಕಿಗೆ, ಬಾಲಕ್ಕ. ಮತ್ತ ಆ ಎಡಗಡೆ ಕೆಂಪು ದುಂಡಗಿನಾಗ. ಅದು ಕುಂಕುಮಕ್ಕಂತನ ಬರದಂಗಿತ್ತಲ್ರಿ, ನಟ್ಟನಡುವ ಛಂದಾಗಿ ಒತ್ತಿ ಹಚ್ಚೀನಿ. ಅರಿಷಿಣ ನೆನಸಿ."

ಅರಿಷಿಣ ನೆನೆಸಿ. ಅಂದರೆ ಅಷ್ಟೊತ್ತಿಗೆ ಗಾರೆಯಾಗಿರುತ್ತದೆ.

ಇದಕ್ಕೆ ಉಪಾಯವಿದೆ. ಏರಿಳಿತ ತೋರಿಸುವ ಗಡಿಯಾರದ ಗಾಜು ಒಡೆದರೆ ವಿಮಾನದ ಒಳಗಿನ ಗಾಳಿ ಆ ತೂತಿನ ಕೊಳವೆಗೇ ಸೇರಿ ಮಿಕ್ಕವೆರಡು ಜೀವ ಪಡೆಯುತ್ತವೆ. ಪುಸ್ತಕದಲ್ಲಿ ಓದಿದ್ದೆ, ಮಾಡಿದವರನ್ನು ನೋಡಿರಲಿಲ್ಲ. ಸ್ಕ್ರೂಡ್ರೈವರಿಗಾಗಿ ಕಿಸೆ ತಡವಿದೆ. ಕಿಸೆ ಖಾಲಿ. ಸಾಹೇಬರ ಮೊದಲನೆಯ ಕಾನೂನನ್ನು ನಾನು ಅಷ್ಟು ನಿಷ್ಠೆಯಿಂದ ಪಾಲಿಸಿದ್ದಕ್ಕೆ ಮರುಗಿದ ದಿನ ಅದೊಂದೇ. ತೊಡೆಯ ಮೇಲೆ ಮಾತ್ರ ಕಾಯಿ ಇತ್ತು. ಎತ್ತಿದೆ.

"ಅಲ್ಲಿ ಹೋಗಿ ಒಡಿಯೂಣು ಅಂದಿದ್ನಲ್ಲ," ಎಂದರು ಕಸ್ತೂರಕ್ಕ ಹಿಂದಿನಿಂದ.

ಕಾಯಿ ಒಡೆಯಲಿಲ್ಲ. ಗಾಜು ಒಡೆಯಿತು. ಎತ್ತರದ ಮುಳ್ಳು ಒಮ್ಮೆಲೇ ಜಿಗಿದು ನಿಂತಿತು. ಗಡಿಗೆ ತಲೆ ತಾಗುವಷ್ಟು ಹತ್ತಿರ ಹೋಗಿದ್ದೆವು. ವೇಗದ ಮುಳ್ಳು ತನ್ನ ಜಾಗಕ್ಕೆ ಬಂತು. ಪೆಟ್ಟು ತಿಂದ ಗಡಿಯಾರ ಮಾತ್ರ ಸಿಟ್ಟಿಗೆದ್ದು, ಇಳಿದರೆ ಏರಿದಿರಿ, ಏರಿದರೆ ಇಳಿದಿರಿ ಎಂದು ತಿರುಗಾಮುರುಗಾ ಹೇಳತೊಡಗಿತು. ಅದನ್ನು ನೋಡಬೇಡಿ ಎಂದು ಡಾಕ್ಟರಿಗೆ ಹೇಳಿ ಅಂಗೈ ಅಡ್ಡ ಹಿಡಿದೆ. ಡಾಕ್ಟರು ವಿಮಾನವನ್ನು ತಿರುಗಿಸಿದರು. ಮರಳಿ ನಮ್ಮ ಹುಲ್ಲಿನ ಪಟ್ಟಿಗೇ ಬಂದು, ನಾನು ಕಂಡ ಅವರ ಇಳಿತಗಳಲ್ಲೇ ಅತ್ಯಂತ ಮೆತ್ತಗೆ ಇಳಿಸಿದರು.

ಪೆಟಿಫರ್ ಸಾಹೇಬರು ಎಡಬದಿಗೆ ಬಂದು ಬಗ್ಗಿದರು. ಕೆಂಪು ವೃತ್ತ, ಅದರ ನಡುವೆ ಹಳದಿ, ಹಳದಿಯ ನಡುವೆ ದುಂಡಗಿನ ಕುಂಕುಮ.

"ಟೇಪ್ ಹಚ್ಚಿ ಮರೆತವರನ್ನು ಕಂಡಿದ್ದೇನೆ. ಜೇಡ ಮನೆ ಮಾಡಿದ್ದನ್ನೂ ಕಂಡಿದ್ದೇನೆ. ಇಷ್ಟು ಅಚ್ಚುಕಟ್ಟಾಗಿ ಮುಚ್ಚಿದ್ದು ಇದೇ ಮೊದಲು," ಎಂದರು. ಆಮೇಲೆ, "ಇದರ ಕೆಳಗೆ ಅಕ್ಷರಗಳಿದ್ದವು. ಎಲ್ಲಿ?"

ಡಾಕ್ಟರು ತಮ್ಮ ಬೂಟುಗಳನ್ನು ನೋಡಿದರು. ಹತ್ತು ವರ್ಷದ ಭಾನುವಾರಗಳು ಆ ಅಕ್ಷರಗಳನ್ನು ತಿಕ್ಕಿ ತಿಕ್ಕಿ ಅಳಿಸಿದ್ದವು.

"ಏನಂತಾರ ಅವರು?" ಕಸ್ತೂರಕ್ಕನಿಗೆ ಇಂಗ್ಲಿಷ್ ನಮ್ಮಿಬ್ಬರಿಗಿಂತ ಚೆನ್ನಾಗಿ ಬರುತ್ತಿತ್ತು. ಆದರೂ ಗಂಡನ ಬಾಯಿಂದ ಕೇಳಬೇಕಿತ್ತು.

"ಇಲ್ಲೆ ಮುಚ್ಚಬ್ಯಾಡ್ರಿ ಅಂತ ಬರದಿತ್ತಂತ. ನಾನ ಅಳಿಸೀನಿ," ಎಂದರು ಡಾಕ್ಟರು. ಮೆಲ್ಲಗೆ, "ಹಂಗಾರ, ಮಾರೂದಲ್ಲ?" ಎಂದರು.

ಕಸ್ತೂರಕ್ಕ ನನ್ನ ಕಡೆ ತಿರುಗಿ, ಕೌನ್ಸಿಲ್ ಕೌಂಟರಿನ ದನಿಯಲ್ಲಿ ವಿಚಾರಣೆ ನಡೆಸಿದರು.

"ಅಣ್ಣಾರ, ಎಂಜಿನ್ನಿಂದೇನೂ ತಪ್ಪಿಲ್ಲ?"

"ಇಲ್ರಿ."

"ಅವತ್ತು ಕೆಮ್ಮಿದ್ದು?"

"ಅವತ್ತೂ ಇಲ್ರಿ. ಹಿಡಿಕಿ ಎಳದು ಸುಮ್ಮನ ಕುಂತಿದ್ರ ತಾನ ಸರಿ ಆಗ್ತಿತ್ತು."

"ಅಂದ್ರ ಹತ್ತು ವರ್ಷ ನಾ ಸುಮ್ಮನ ಎಂಜಿನ್ನಿಗೆ ಅಂಜಿ ರೋಡ್ ಸವೆಸೀನಿ. ಕೆಟ್ಟದ್ದು ಎಂಜಿನ್ ಅಲ್ಲ, ಮಂದಿ."

ಈ ಸತ್ಯ ತಿಳಿಯಲು ನನಗೆ ಅರ್ಧ ಆಯುಷ್ಯ ಬೇಕಾಗಿತ್ತು. ಅವರಿಗೆ ಒಂದು ಹಾರಾಟ ಸಾಕಾಯಿತು. "ಮಂದೀನ್ನ ಹೆಂಗ ಸರಿ ಮಾಡೂದು ನನಗ ಗೊತ್ತೈತಿ," ಎಂದು ಹೇಳಿ ರೊಟ್ಟಿಯ ಗಂಟನ್ನು ಕಾರಿಗೆ ಹಾಕಿದರು. ನಾವಿಬ್ಬರೂ ಹಿಂದಿನ ಸೀಟಿನಲ್ಲಿ ಕೂತೆವು. ಫ್ಲೈ-ಇನ್‌ಗೆ ಕಾರಿನಲ್ಲಿ ಹೋದೆವು. ನಿಮ್ಮ ವಿಮಾನ ಯಾವುದು ಎಂದು ಕೇಳಿದವರಿಗೆಲ್ಲ ಡಾಕ್ಟರು ಪಾರ್ಕಿಂಗ್ ಕಡೆ ಕೈ ತೋರಿಸಿದರು. ಕಾಯಿಯನ್ನು ಅಲ್ಲೇ ಒಂದು ಕಲ್ಲಿನ ಮೇಲೆ ಒಡೆದು ಎಲ್ಲರಿಗೂ ಹಂಚಿದೆವು.

ವಿಮಾನ ಮಾರಲಿಲ್ಲ. ಮುಚ್ಚಬಾರದು ಎಂಬ ಅಕ್ಷರಗಳನ್ನು ಕಸ್ತೂರಕ್ಕ ನನ್ನ ಕೈಯಿಂದ ಹೊಸದಾಗಿ ಹಚ್ಚಿಸಿದರು, ಮೊದಲಿದ್ದಕ್ಕಿಂತ ಎರಡು ಪಟ್ಟು ದೊಡ್ಡದಾಗಿ. ಪಾಲಿಶ್ ಡಬ್ಬ ಮನೆಗೆ ಹೋಯಿತು. ಪೂಜೆ ಪ್ರತಿ ವರ್ಷ ನಡೆಯಿತು, ಆದರೆ ಪೂಜೆ ಮೊದಲು, ಪರೀಕ್ಷೆ ಆಮೇಲೆ. ಡಾಕ್ಟರು ಸುತ್ತ ನಡೆದು ನೋಡಿದ ಮೇಲೆ ಕಸ್ತೂರಕ್ಕ ಸುತ್ತ ನಡೆದು, ಡಾಕ್ಟರು ನೋಡಿದ್ದನ್ನು ನೋಡುತ್ತಿದ್ದರು. ಆಮೇಲೆ ಇಬ್ಬರೂ ಏರಿ ಹೋಗುವರು. ಜೊತೆ ಸಿಕ್ಕ ಮೇಲೆ ಡಾಕ್ಟರಿಗೆ ಮೋಡವೂ ಅಡ್ಡ ಬರಲಿಲ್ಲ, ಅತ್ತೆಯೂ ಬರಲಿಲ್ಲ. ಹೆಚ್ಚುಕಡಿಮೆ ಪ್ರತಿ ವಾರ ಹಾರಿದರು. ಅಷ್ಟು ವರ್ಷ ನಾನು ಗಂಟಲು ಹರಿದುಕೊಂಡು ಹೇಳಿದ್ದು ಅದನ್ನೇ.

ನಾನು ನಿವೃತ್ತನಾಗುವ ವಾರ ಕೊನೆಯದಾಗಿ ಬಿಚ್ಚಿದ್ದು ಅದೇ ಎಂಜಿನ್. ಫಿಲ್ಟರ್ ಕತ್ತರಿಸಿ ಮಡಿಕೆ ಮಡಿಕೆಯನ್ನೂ ದೀಪದ ಕೆಳಗೆ ಬಿಡಿಸಿದೆ. ಕಸ್ತೂರಕ್ಕ ಪಕ್ಕದಲ್ಲಿ ನಿಂತಿದ್ದರು.

"ಏನ್ ಸಿಕ್ತು ಅಣ್ಣಾರ?"

"ಏನೂ ಇಲ್ರಿ ಅಕ್ಕಾರ."

"ಏನೂ ಇಲ್ಲ ಅಂತ ಹೇಳಾಕ ಮುಂಜಾನಿಂದ ನಿಂದ್ರಸೀರಿ?"

ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ ಎಂದು ವಿವರಿಸಲು ಹೊರಟೆ, ಬಿಟ್ಟೆ. ಎಣ್ಣೆ ತುಂಬಿ ಮುಚ್ಚಳ ಹಾಕಿದೆ, ತಿರುಪುಗಳನ್ನು ಎರಡೆರಡು ಸಲ ಬಿಗಿದೆ. ಡಾಕ್ಟರೂ ನಾನೂ ವಿಮಾನವನ್ನು ಹೊರಗೆ ತಳ್ಳಿದೆವು, ಅವರು ಒಂದು ಸುತ್ತು ನಡೆದು ನೋಡಿದರು. ನಾನು ತಿರುಗಿದರೆ ಕಸ್ತೂರಕ್ಕ ಬಲಗಡೆಯ ಬಾಗಿಲು ತೆರೆದು ಹಿಡಿದಿದ್ದರು.

"ಏರ್ರಿ. ಮುಚ್ಚಳ ಹಾಕಿದವರು ಮೊದಲ ಏರಬೇಕಲ್ಲ."

"ಬರೇ ಎಣ್ಣಿ ಬದಲಿ ಮಾಡಿದ್ದಕ್ಕ ಬ್ಯಾಡ್ರಿ, ದೊಡ್ಡ ರಿಪೇರಿಗಷ್ಟ," ಎಂದೆ.

"ಇವತ್ತು ಬೇಕು. ನಿಂದರ್ರಿ, ಕಿಸೆ ತೋರಸ್ರಿ."

ತೋರಿಸಿದೆ. ಕಿಸೆಯಲ್ಲಿ ತಿರುಪು ಬಿಗಿದು ಮರೆತ ಸ್ಕ್ರೂಡ್ರೈವರ್ ಇತ್ತು. ಕಸ್ತೂರಕ್ಕ ಹ್ಯಾಂಗರಿನ ಕಡೆ ಬೆರಳು ತೋರಿಸಿದರು. ನಾನು ಮರಳಿ ಹೋಗಿ, ಗೋಡೆಯ ಮೇಲೆ ಖಾಲಿಯಿದ್ದ ಆ ಒಂದು ಆಕಾರದ ಮೇಲೆ ಅದನ್ನು ತೂಗುಹಾಕಿ ಬಂದೆ. ಬರುವಷ್ಟರಲ್ಲಿ ಡಾಕ್ಟರು ವಿಮಾನದ ಸುತ್ತ ಎರಡನೆಯ ಸಲ ನಡೆಯುತ್ತಿದ್ದರು. ಯಾರು ಹೇಳಿದ್ದೆಂದು ನಾನು ಕೇಳಲಿಲ್ಲ.